ಕೂತು ಮಾಡುವ ಜಾವಳಿ

ಧಡ್, ಧಡ್ ಎಂದು ಹಿಂದಿನ ಶೆಡ್ಡಿನ ಪ್ರೆಸ್ ಮಷೀನು ಬೆಳಗಿನಿಂದ ಬಡಿಯುತ್ತಲೇ ಇತ್ತು. ಪೀಣ್ಯದ ಆ ಬಾಡಿಗೆ ಮನೆಯಲ್ಲಿ ಅನುಸೂಯಮ್ಮ ಜಾವಳಿ ಕಲಿಸಬೇಕೆಂದರೆ ಆ ಸದ್ದಿನ ಸಂದಿಯಲ್ಲೇ ದನಿ ತೂರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಅರವತ್ತೆಂಟರ ಗಂಟಲು ಒಣಗಿಹೋಗುತ್ತಿತ್ತು.

ಅವರ ಅಜ್ಜಿ ನಂಜನಗೂಡಿನಲ್ಲಿ ನೆಲದ ಮೇಲೆ ಕೂತು, ಜಾವಳಿಯ ಶೃಂಗಾರ ಪದಗಳನ್ನು ತಾನೇ ಹಾಡುತ್ತ, ಬರೀ ಕಣ್ಣು ಕೈಗಳಲ್ಲಿ ಇಡೀ ವಿರಹವನ್ನು ತೋರಿಸುತ್ತಿದ್ದವಳು. ಜನರ ಬಾಯಿಗೆ ಹೆದರಿ ಅಮ್ಮ ಆ ವಿದ್ಯೆಗೆ ಬಾಗಿಲು ಹಾಕಿದಳು. ಅನುಸೂಯಮ್ಮ ಗಡಿಯಾರದ ಕಾರ್ಖಾನೆ ಸೇರಿ ಮೂವತ್ತು ವರ್ಷ ಮುಳ್ಳು ಜೋಡಿಸಿದರು. ನಿವೃತ್ತಿಯಾದ ಮೇಲೆ ಅಜ್ಜಿಯ ಜೊತೆಯವರ ಮಕ್ಕಳನ್ನು ಊರೂರು ಹುಡುಕಿ, ಹನ್ನೊಂದು ಜಾವಳಿ ಕೂಡಿಸಿದರು. ಕಲಿಯಲು ಬಂದವರು ಕುಣಿತವಿಲ್ಲವೆಂದು ಬಿಟ್ಟುಹೋದರು. ಉಳಿದವಳು ಗಾರ್ಮೆಂಟ್ಸಿನ ದಾನೇಶ್ವರಿ ಒಬ್ಬಳೇ.

ಈ ಸಲದ ರಾಜ್ಯೋತ್ಸವದಲ್ಲಿ, ಮೊದಲ ಬಾರಿಗೆ, ನಾಲ್ಕು ಜನರೆದುರು ಅದನ್ನು ತೋರಿಸುವುದಿತ್ತು. ಬಡಾವಣೆ ಸಂಘದ ಕಾರ್ಯದರ್ಶಿ ನಾಣಿ ಆಹ್ವಾನ ಪತ್ರಿಕೆ ತಂದುಕೊಟ್ಟ. ಅನುಸೂಯಮ್ಮನ ಹೆಸರಿನ ಕೆಳಗೆ ಅಚ್ಚಾಗಿತ್ತು: ‘ಮಂಡಿನೋವಿನ ನಿಮಿತ್ತ ಕುಳಿತು ನರ್ತಿಸುವರು.’

“ನಾಣಿ, ನನ್ನ ಮಂಡಿಗೇನಾಗಿದೆ?”

“ಕೂತ್ಕೊಂಡೇ ಮಾಡ್ತೀನಿ ಅಂದ್ರಲ್ಲ ಮೇಡಂ. ಜನ ತಪ್ಪು ತಿಳ್ಕೋಬಾರ್ದು ಅಂತ ನಾನೇ ಸೇರಿಸ್ದೆ. ಕುರ್ಚಿಗೂ ಹೇಳಿದೀನಿ, ಮೆತ್ತನೇದು.”

ಹತ್ತು ವರ್ಷದ ಅಲೆದಾಟ ಒಂದೇ ಸಾಲಿನಲ್ಲಿ ಕಾಯಿಲೆಯಾಗಿತ್ತು. ಎಷ್ಟನೆಯ ಸಲವೋ, ಅವರು ಮತ್ತೆ ಹೇಳಿದರು.

“ಇದು ಕೂತೇ ಮಾಡೋದು ಕಣಪ್ಪ. ನಮ್ಮಜ್ಜಿ ಇಪ್ಪತ್ತರ ಪ್ರಾಯದಲ್ಲೂ ಕೂತೇ ಮಾಡ್ತಿದ್ಲು.”

“ಪಾಪ, ಅವ್ರಿಗೂ ಇತ್ತಾ? ವಂಶದಲ್ಲೇ ಬರುತ್ತಂತೆ ಮೇಡಂ.”

ಒಳಗಿದ್ದ ದಾನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು. ಅನುಸೂಯಮ್ಮನಿಗೆ ನಗಲೂ ತ್ರಾಣವಿರಲಿಲ್ಲ.

“ನನ್ನ ಹೆಸರು ಹೊಡೆದುಹಾಕು. ಇವಳು ಮಾಡ್ತಾಳೆ. ಇವಳಿಗಿನ್ನೂ ಇಪ್ಪತ್ತು ವರ್ಷ. ಇವಳ ಮಂಡಿಗೆ ಏನಂತ ಬರೀತೀಯ?”

“ನಾ ಒಬ್ಬಾಕೀನ ಏನ್ರಿ ಅಕ್ಕಾರ?” ದಾನೇಶ್ವರಿಯ ನಗು ನಿಂತಿತು.

“ನೀನು ಕೂತ್ಕೋ ಸಾಕು. ಮಿಕ್ಕಿದ್ದು ನಿನಗೆ ಬರುತ್ತೆ.”

ನಾಣಿ ತಲೆ ಕೆರೆದುಕೊಂಡ. “ಆಗ್ಲಿ ಮೇಡಂ. ಆದ್ರೆ ಅಷ್ಟು ಚಿಕ್ಕ ಹುಡುಗಿ ಸ್ಟೇಜ್ ಮೇಲೆ ಸುಮ್ನೆ ಕೂತ್ರೆ ಚೆನ್ನಾಗಿರಲ್ಲ. ಒಂದೆರಡು ಸ್ಟೆಪ್ಪಾದ್ರೂ ಎದ್ದು ನಿಂತು...”

ಅನುಸೂಯಮ್ಮ ಚಪ್ಪಲಿ ಮೆಟ್ಟಿಕೊಂಡು ಆಗಲೇ ಬೀದಿಗಿಳಿದಿದ್ದರು. ಶಾಮಿಯಾನ ಕಟ್ಟುತ್ತಿದ್ದವರಿಗೆ, ಕುರ್ಚಿ ಬೇಡ, ನೆಲಕ್ಕೊಂದು ಚಾಪೆ ಸಾಕೆಂದು ಹೇಳಿಬರಲು.