ಕಾಗೆ ಕೂಗಿದ ದಿನಗಳ ಲೆಕ್ಕ

ಕಾಗೆ ಕೂಗಿದರೆ ನೆಂಟರು ಬಂದೇ ಬರುತ್ತಾರೆಂದು ಖಾನಾಪುರದ ನನ್ನ ಅತ್ತೆ ನಂಬಿದ್ದರು. ಬೆಳಗಾವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ರಜೆಗೆ ಹೋದಾಗ ಅದನ್ನು ಪರೀಕ್ಷಿಸಲು ಹೊರಟೆ. ಕ್ಯಾಲೆಂಡರಿನಲ್ಲಿ ಕಾಗೆ ಕೂಗಿದ ದಿನಕ್ಕೆ ಕಪ್ಪು ಚುಕ್ಕೆ, ನೆಂಟರು ಬಂದ ದಿನಕ್ಕೆ ಕೆಂಪು ಚುಕ್ಕೆ.

ಮೊದಲ ವಾರ ಕಾಗೆ ದಿನವೂ ಕೂಗಿತು. ಕೆಂಪು ಚುಕ್ಕೆ ಒಂದೂ ಬೀಳಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಎರಡನೇ ವಾರ ಮಾತ್ರ ಕಾಗೆ ಕೂಗಿದ ಹಾಗೆಲ್ಲ ನೆಂಟರು ದಿನಕ್ಕೊಬ್ಬರಂತೆ ಬರತೊಡಗಿದರು. ಚಹಾ ಮಾಡಿ ಮಾಡಿ ಸಾಕಾಗಿ, ಜಾಂಬೋಟಿಯಿಂದ ಬಂದ ಅತ್ತೆಯ ತಂಗಿಯನ್ನು ಕೇಳಿದೆ: "ಏನ್ ವಿಶೇಷರೀ, ಇಷ್ಟ್ ದೂರ ಬಂದ್ರಿ?"

"ನಿಮ್ಮತ್ತೀನ ಫೋನ್ ಮಾಡಿ ಕರದಾಳವಾ," ಎಂದರು ಅವರು.

ನಾನು ಅತ್ತೆಯತ್ತ ತಿರುಗಿದೆ. "ಇದು ಮೋಸ ಅಲ್ಲೇನ್ರಿ ಅತ್ತಿ?"

"ಖರೇನ ಮೋಸ. ಮತ್ತ ಹ್ವಾದ ವಾರ ನಿನ್ನ ತಮ್ಮ ಬಂದು ಉಂಡು ಹೋದ್ನಲ್ಲ, ಅವನ ಚುಕ್ಕಿ ಎಲ್ಲೈತಿ?"

ನಾನು ಪೆಚ್ಚಾದೆ. ತಮ್ಮ ನೆಂಟನಲ್ಲವೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಗೆಲ್ಲುವ ಆಸೆ ಅವರಿಗೆಷ್ಟಿತ್ತೋ ನನಗೂ ಅಷ್ಟೇ ಇತ್ತು. ವಿಜ್ಞಾನದ ಕಟ್ಟುನಿಟ್ಟಿನ ನಿಯಮಗಳೆಲ್ಲ ಇಂಥ ಆಸೆಯನ್ನು ಹಿಡಿತದಲ್ಲಿಡಲಿಕ್ಕೇ ಇವೆ.

ಮರುದಿನ ಇಬ್ಬರೂ ಕೂತು, ನೆಂಟರೆಂದರೆ ಯಾರ‍್ಯಾರು ಎಂದು ಮೊದಲು ಬರೆದುಕೊಂಡೆವು. ಆಮೇಲೆ ಅತ್ತೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಚುಕ್ಕೆ ಇಡುವ ನನ್ನ ಪೆನ್ನನ್ನು ಕಸಿದುಕೊಂಡರು.