ನಾನು ಓದದೇ ಹೋದ ಭಾಷಣ

ಯಾರಾದರೂ ವಿಚಿತ್ರ ಅನುಭವ ಹೇಳಲು ಕೂತರೆ ಎದ್ದು ಹೋಗುವ ಸ್ವಭಾವ ನನ್ನದು. ದೆವ್ವ, ಅಶರೀರವಾಣಿ ಎಂದರೆ ಅಜೀರ್ಣದವರ ಕನಸು ಎಂದು ತಳ್ಳಿಹಾಕುತ್ತಿದ್ದೆ. ಈಗ ನನ್ನದನ್ನೇ ಬರೆಯುವ ಗತಿ ಬಂದಿದೆ. ನಗುವವರು ನಗಲಿ.

ಮಹಾರಾಜರ ಕಾಲ. ಸಂಸ್ಥಾನಕ್ಕೆ ರೇಡಿಯೋ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಹಳ್ಳಿ ಸುತ್ತಿ ರೋಗರುಜಿನಗಳ ಮೂಲ ಹುಡುಕುವುದು, ಕಂಡದ್ದನ್ನು ಬರೆದು ತಂದು ಸಂಜೆ ರೇಡಿಯೋದಲ್ಲಿ ಓದುವುದು ನನ್ನ ಕೆಲಸ. ಧ್ವನಿ ಹಿಡಿದಿಡುವ ಯಂತ್ರ ನಮ್ಮಲ್ಲಿರಲಿಲ್ಲ. ಮೈಕಿನ ಮುಂದೆ ಕೂತು ಓದಿದರಷ್ಟೇ ಊರಿಗೆ ಕೇಳುತ್ತಿತ್ತು.

ಆ ಬೇಸಿಗೆ ಕೈಲಾಂಚದ ಬಳಿಯ ಒಂದು ಹಳ್ಳಿಯಲ್ಲಿ ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು. ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ರೈಲಿಳಿದು ಗಾಡಿ ಮಾಡಿಕೊಂಡು ಹೋದೆ. ಎರಡು ದಿನ ತಿರುಗಿದ ಮೇಲೆ ಮೂಲ ಸಿಕ್ಕಿತು. ಸಾಹುಕಾರ ರುದ್ರಪ್ಪನವರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಗೂಡು ಬೇಯಿಸಿದ ಗಬ್ಬು ನೀರು ಹಿತ್ತಲ ಗುಂಡಿಗೆ ಬೀಳುತ್ತಿತ್ತು; ಕಾಯಿಲೆಯವರ ಬಟ್ಟೆ ಒಗೆದ ನೀರೂ ಅಲ್ಲಿಗೇ. ಗುಂಡಿಯಿಂದ ನಾಲ್ಕು ಮಾರು ದೂರದಲ್ಲಿ ಊರವರು ಕುಡಿಯುವ ಬಾವಿ.

ರುದ್ರಪ್ಪನವರಿಗೆ ಹೇಳಿದೆ. ತಾತನ ಕಾಲದ ಬಾವಿ ಎಂದು ನಕ್ಕುಬಿಟ್ಟರು. ಅವರಲ್ಲಿ ನೂಲು ಬಿಚ್ಚುತ್ತಿದ್ದ ಕೆಂಪಮ್ಮನಿಗೆ ಎರಡು ಮಕ್ಕಳು ಹೋಗಿ, ಮೂರನೆಯದು ಚಾಪೆ ಹಿಡಿದಿತ್ತು. ನೀರು ಕುದಿಸಿ ಕೊಡು ಎಂದರೆ ಅಷ್ಟು ಸೌದೆ ಎಲ್ಲಿಂದ ತರಲಿ ಎಂದಳು.

“ನಾವು ಹೇಳುದ್ರೆ ಕೂಲಿ ಹೋಯ್ತದೆ ಸ್ವಾಮಿ. ನೀವೇ ಹೇಳಿ. ನಿಮ್ಮ ಮಾತು ಅವ್ರ ಜಗುಲಿ ಮ್ಯಾಲೇ ಕೇಳ್ತದೆ.”

ನಿಜ. ಊರಿಗಿದ್ದ ಒಂದೇ ರೇಡಿಯೋ, ಬ್ಯಾಟರಿಯದು, ಸಾಹುಕಾರರ ಜಗುಲಿಯಲ್ಲೇ ಇತ್ತು. ಶುಕ್ರವಾರ ಸಂಜೆ ಕೇಳಿ ಎಂದು ಮಾತು ಕೊಟ್ಟು ಬಂದೆ.

ಶುಕ್ರವಾರ ಮೇಲಧಿಕಾರಿ ನನ್ನ ಬರಹ ಓದಿ, ನೀರಿನ ಪರೀಕ್ಷೆಯ ವರದಿ ಬರಲಿ, ಅಲ್ಲಿಯವರೆಗೆ ಬೇಡ ಎಂದರು. ಅವರದು ತಪ್ಪಲ್ಲ. ಆದರೂ ಕೂಗಾಡಿದೆ. ನನ್ನ ಹೊತ್ತಿನಲ್ಲಿ ವೀಣೆ ನುಡಿಸಿದರು. ಬರಹವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತು ಕೊನೆಯವರೆಗೂ ಆ ವೀಣೆ ಕೇಳಿದೆ. ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಮೊದಲ ರೈಲು ಹಿಡಿದೆ. ಮಾತು ತಪ್ಪಿದೆ ಎಂದು ಕೆಂಪಮ್ಮನಿಗೆ ಎದುರು ನಿಂತು ಹೇಳಬೇಕಿತ್ತು.

ಹೋಗಿ ನೋಡಿದರೆ ನಾಲ್ಕು ಆಳುಗಳು ಗುಂಡಿಗೆ ಮಣ್ಣು ತುಂಬುತ್ತಿದ್ದಾರೆ. ಬಾವಿಯ ಬಾಯಿಗೆ ಮುಳ್ಳು ಹಾಕಿದೆ. ರುದ್ರಪ್ಪನವರು ನನ್ನನ್ನು ಕಂಡು ಕೈಮುಗಿದರು. ನಿನ್ನೆ ನೀವು ರೇಡಿಯೋದಲ್ಲಿ ಆಡಿದ್ದು ಊರೆಲ್ಲ ಕೇಳಿತು ಎಂದರು. ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. ನಾನು ಮಾತನಾಡಲೇ ಇಲ್ಲ ಎಂದೆ. ಅವರು ಕಿವಿಗೆ ಹಾಕಿಕೊಳ್ಳದೆ ಗುಂಡಿ, ನಾಲ್ಕು ಮಾರು, ಬಟ್ಟೆ ಒಗೆದ ನೀರು ಎಂದು ನನ್ನ ವಾಕ್ಯಗಳನ್ನೇ ಸಾಲಾಗಿ ಒಪ್ಪಿಸಿದರು. ಯಾರೋ ನನ್ನ ಬರಹ ಕದ್ದು ನೋಡಿರಬೇಕು ಎಂದಾದರೂ ಸಮಾಧಾನ ಪಡಬಹುದಿತ್ತು. ಅಷ್ಟರಲ್ಲಿ ಅವರು ದನಿ ತಗ್ಗಿಸಿದರು.

“ಅಷ್ಟಕ್ಕೆಲ್ಲ ನಾನು ಜಗ್ಗೋನಲ್ಲ ಸ್ವಾಮಿ. ಕೊನೇಲಿ ನಿಮ್ಮ ಮಗೀನ ಇಚಾರ ಮಾತಾಡುದ್ರಲ್ಲ. ದಾರೀಲಿ ಬಾಯಾರ್ಕೆ ಅಂತು, ಪಾಳು ಬಾವಿ ನೀರ ನಾನೇ ಸೇದಿ ಕುಡಿಸ್ದೆ ಅಂದ್ರಲ್ಲ. ಅದ ಕೇಳ್ಬುಟ್ಟು ತಡಕೊಳ್ಳಕ್ಕಾಗ್ನಿಲ್ಲ.”

ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಆ ಮಾತನ್ನು ನಾನು ಬರೆದಿರಲಿಲ್ಲ. ಎಲ್ಲಿಯೂ, ಯಾರಿಗೂ ಹೇಳಿರಲಿಲ್ಲ. ನಮಗೊಬ್ಬ ಮಗಳಿದ್ದಳು, ನಾಲ್ಕು ವರ್ಷದವಳು. ಮಾಗಡಿಯ ದಾರಿಯಲ್ಲಿ ನಾನೊಬ್ಬನೇ ಅವಳನ್ನು ಕರೆದುಕೊಂಡು ಬರುತ್ತಿದ್ದಾಗ ನೀರು ಕೇಳಿದಳು, ಸೇದಿ ಕೊಟ್ಟೆ. ಮೂರನೆಯ ದಿನಕ್ಕೆ ಹೋದಳು. ಏನು ಕುಡಿಸಿದಿರಿ ಎಂದು ಹೆಂಡತಿ ಕೇಳಿದಾಗ ಏನೂ ಇಲ್ಲ ಎಂದಿದ್ದೆ.

ಆಮೇಲೆ ವಿಚಾರಿಸದೆ ಬಿಡಲಿಲ್ಲ. ಚನ್ನಪಟ್ಟಣದ ಗೆಳೆಯರ ರೇಡಿಯೋದಲ್ಲಿ ಆ ಹೊತ್ತು ಕೇಳಿದ್ದು ವೀಣೆಯೇ. ರುದ್ರಪ್ಪನವರ ಜಗುಲಿಯಲ್ಲಿ ಕೂತಿದ್ದ ಊರಿನ ಮೇಷ್ಟರು ಮಾತ್ರ, ನಿಮ್ಮದೇ ಧ್ವನಿ, ನಡುವೆ ಎರಡು ಸಲ ಕೆಮ್ಮಿದಿರಿ ಎಂದು ಆಣೆಯಿಟ್ಟರು. ಕೆಂಪಮ್ಮನ ಮಗು ಉಳಿಯಿತು. ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ನನಗೆ ಇದರ ಬುಡ ತುದಿ ಸಿಕ್ಕಿಲ್ಲ.

ಆ ಹಳ್ಳಿಯ ಕಥೆಯನ್ನು ಹೆಂಡತಿಗೆ ಎಷ್ಟೋ ಸಲ ಹೇಳಿದ್ದೇನೆ, ರುದ್ರಪ್ಪನವರ ಕೊನೆಯ ಮಾತೊಂದನ್ನು ಬಿಟ್ಟು. ಅಚ್ಚಿಗೆ ಕಳಿಸುವ ಮೊದಲು ಇದನ್ನು ಅವಳಿಗೆ ಓದಿ ಹೇಳಬೇಕು. ಬರೆದು ಮೂರು ದಿನವಾಯಿತು. ಅವಳು ಒಳಗೆ ಅಕ್ಕಿ ಆರಿಸುತ್ತಿದ್ದಾಳೆ. ಸಂಸ್ಥಾನಕ್ಕೆಲ್ಲ ಕೇಳುವಂತೆ ಓದಿದವನಿಗೆ ಇನ್ನೂ ಬಾಯಿ ಬರುತ್ತಿಲ್ಲ.