ಸಾಲು ತಪ್ಪಿಸಿದ ಕುರ್ಚಿ

ಎಡಗಡೆಯ ಗಾಲಿ ಕಿರ್ ಕಿರ್ ಅನ್ನುತ್ತಿತ್ತು. ಕೂರುವ ಕಡೆ ಕಪ್ಪು ರೆಕ್ಸಿನ್ ಹರಿದು ಒಳಗಿನ ಹಳದಿ ಸ್ಪಂಜು ಕಾಣುತ್ತಿತ್ತು. ಕಳೆದ ತಿಂಗಳು ನಮ್ಮೂರಿನ ನೀರುಗಂಟಿ ಮಾವನ ಹೆಂಡತಿಯನ್ನು, ಅಂದರೆ ನಾನು ಅತ್ತೆ ಅನ್ನುವವರನ್ನು, ಬಿಡದ ಕೆಮ್ಮು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬಾಗಿಲೊಳಗೆ ಕಾಲಿಡುತ್ತಲೇ ಅಲ್ಲಿನ ಆಯಾ ಒಬ್ಬಳು ಆ ಗಾಲಿ ಕುರ್ಚಿಯನ್ನು ತಳ್ಳಿಕೊಂಡು ಬಂದು, "ಕೂರ್ಸಿ ಸಾರ್, ಬೇಗ ಒಳಿಕ್ಕೆ ಬುಡ್ತಾರೆ" ಅಂದಳು. ಫಿನಾಯಿಲ್ ವಾಸನೆ, ಆ ಕಿರ್ ಕಿರ್ ಸದ್ದು... ಕುರ್ಚಿಯ ಹಿಡಿಯನ್ನು ಮುಟ್ಟಲು ನನ್ನ ಕೈ ಏಳಲಿಲ್ಲ. ಒಂಬತ್ತು ವರ್ಷದ ಹಿಂದೆ ಇಂಥದೇ ಒಂದು ಕುರ್ಚಿಯನ್ನು ನಾನೇ ಹುಡುಕಿ ತಂದು, ಅದರಲ್ಲಿ ಅತ್ತೆಯ ಗಂಡನನ್ನು ಕೂರಿಸಿದ್ದೆ.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆಯ ಕೊನೆಯ ಕಡೆ. ನಾಲೆಯ ನೀರನ್ನು ಯಾರ ಗದ್ದೆಗೆ ಯಾವಾಗ ತಿರುಗಿಸಬೇಕು, ಯಾವಾಗ ಕಟ್ಟಬೇಕು ಅನ್ನುವುದೆಲ್ಲ ನೀರುಗಂಟಿಯ ಕೆಲಸ. ಇಪ್ಪತ್ತರ ಹರೆಯದಲ್ಲಿ ಆ ಕೆಲಸ ಹಿಡಿದ ಮಾವ ಅರವತ್ತು ದಾಟಿದರೂ ಬಿಟ್ಟಿರಲಿಲ್ಲ. ಹೆಗಲ ಮೇಲೆ ಸನಿಕೆ, ಕಿವಿಯ ಸಂದಿನಲ್ಲಿ ಬೀಡಿ, ಮೊಣಕಾಲಿಂದ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ... ಸಂಬಂಧದಲ್ಲಿ ಮಾವನೇನಲ್ಲ, ಊರ ವಾಡಿಕೆಯಲ್ಲಿ ಮಾವ. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. "ನೀನು ಕುಂತು ತಿಂತೀಯ, ನಾನು ನಡ್ದು ತಿಂತೀನಿ ಕಣ ಅಳೀಮಯ್ಯ" ಅಂತ ರೇಗಿಸುತ್ತಿದ್ದರು. ಅದು ನಿಜವೇ ಆಗಿತ್ತು. ಪ್ರತಿ ವರ್ಷ ನಾಲೆಗೆ ಹೊಸ ನೀರು ಬಿಟ್ಟಾಗ ತೂಬಿನಿಂದ ಕೊನೆಯ ಗದ್ದೆಯವರೆಗೆ, ಮೂರು ಮೈಲಿ, ಕಸ ಕಡ್ಡಿ ಸರಿಸುತ್ತ ಆ ನೀರಿನ ಮುಂದೆ ಮುಂದೆ ನಡೆಯುತ್ತಿದ್ದರು. ನೀರು ಅವರ ಹಿಂದೆ ಬರುತ್ತಿತ್ತು. ಚಿಕ್ಕವರಾಗಿದ್ದಾಗ ನಾವು, ನೀರನ್ನು ಅವರೇ ಹೋಗಿ ಕರೆದುಕೊಂಡು ಬರುತ್ತಾರೆ ಅಂತಲೇ ನಂಬಿದ್ದೆವು.

ಆ ವರ್ಷ ಚಳಿಗಾಲಕ್ಕೆ ಹಿಡಿದ ಕೆಮ್ಮು ಬಿಡಲಿಲ್ಲ. ಕಫದಲ್ಲಿ ರಕ್ತ ಕಂಡಿತು. ಮಂಡ್ಯದಲ್ಲಿ ಎಕ್ಸ್‌ರೇ, ಆಮೇಲೆ ಸ್ಕ್ಯಾನ್, ಸೂಜಿ ಹಾಕಿ ತೆಗೆದ ಚೂರಿನ ಪರೀಕ್ಷೆ... ಶ್ವಾಸಕೋಶದ ಕ್ಯಾನ್ಸರ್ ಅಂದರು, ಲಿವರಿಗೂ ಹರಡಿದೆ ಅಂದರು. ಮಾವನೇ ನೇರವಾಗಿ ಕೇಳಿದ್ದರಿಂದ ಮುಚ್ಚಿಡಲಾಗಲಿಲ್ಲ. ಆ ಬೇಸಿಗೆ ನಾಲೆಗೆ ಕಾಂಕ್ರೀಟ್ ಹಾಕುವ ಕೆಲಸ ನಡೆಯುತ್ತಿತ್ತು, ನೀರು ಬಿಡುವುದು ಶ್ರಾವಣಕ್ಕೇ ಅಂತ ಗೊತ್ತಾಗಿತ್ತು. "ಹೊಸ ನಾಲೇಲಿ ನೀರು ಎಂಗ್ ಬತ್ತದೆ ಅಂತ ಒಂದ್ಸಲ ನೋಡ್ಬುಟ್ಟು ಓಯ್ತೀನಿ. ಅಷ್ಟು ಮಾಡ್ಸು ಅಳೀಮಯ್ಯ" ಅಂದರು. ನಾನು ಆಗಲಿ ಮಾವ ಅಂದೆ, ಕಡತಕ್ಕೆ ಸಹಿ ಹಾಕಿಸಿಕೊಡುವವನ ಹಾಗೆ.

ಕಚೇರಿಯಲ್ಲಿ ಮೂವತ್ತು ವರ್ಷ ಕೂತ ನನಗೆ ಒಂದು ವಿದ್ಯೆ ಚೆನ್ನಾಗಿ ಒಲಿದಿತ್ತು. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವವರಿಗೆ ನಾನೇ ಹೇಳಿಕೊಡುತ್ತಿದ್ದೆ: ಇಸ್ತ್ರಿ ಅಂಗಿ ಬೇಡ, ಸಾಹೇಬರ ಮುಂದೆ ನೆಟ್ಟಗೆ ನಿಲ್ಲಬೇಡಿ, ಕೋಲು ಇಲ್ಲದಿದ್ದರೆ ಯಾರದಾದರೂ ಇಸಕೊಂಡು ಬನ್ನಿ. ಹಾಗೆ ಬಂದವರ ಕಡತ ಬೇಗ ಕದಲುತ್ತಿತ್ತು. ಊರಿನವರ ಪಾಲಿಗೆ ನಾನು ಕೆಲಸ ಮಾಡಿಸಿಕೊಡುವವನು. ಆ ಹೆಸರಿನ ಮೇಲೆ ನನಗೆ ಜಂಬವೂ ಇತ್ತು, ಸುಳ್ಳೇಕೆ.

ಯುಗಾದಿ ಕಳೆದ ವಾರ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಅನ್ನುವುದು ಬೇಡ, ಅವರ ತಪ್ಪೇನೂ ಇಲ್ಲ. ಹಿಂದಿನ ದಿನವಷ್ಟೇ ಮಾವ ತೂಬಿನ ತನಕ ಹೋಗಿ ಕಾಂಕ್ರೀಟ್ ಕೆಲಸ ನೋಡಿಕೊಂಡು ಬಂದಿದ್ದರು. ದಾರಿಯಲ್ಲಿ ನಾಲ್ಕು ಕಡೆ ಕೂತು ಸುಧಾರಿಸಿಕೊಂಡರಂತೆ, ಆದರೂ ಹೋಗಿ ಬಂದಿದ್ದರು. ಆವತ್ತು ಬೆಳಿಗ್ಗೆ ಬಸ್ಸಿಗೂ ನಡೆದೇ ಬಂದರು. ಬಸ್ಸಿನ ಕುಲುಕಾಟಕ್ಕೆ ಮುಖ ಬಿಳಿಚಿಕೊಂಡಿತ್ತು ಅಷ್ಟೆ. ಆಸ್ಪತ್ರೆಯಲ್ಲಿ ನೋಡಿದರೆ ಸಾಲು ಬಾಗಿಲಿಂದಾಚೆಗೂ ಬೆಳೆದಿತ್ತು. ಮಾರನೆಯ ದಿನ ನನ್ನ ಕಚೇರಿಯಲ್ಲಿ ತಪಾಸಣೆ ಇತ್ತು, ನಾಲ್ಕು ಗಂಟೆಯ ರೈಲು ಹಿಡಿದು ಮದ್ದೂರಿಗೆ ವಾಪಸಾಗಬೇಕಿತ್ತು. ಮಾವನಿಗೆ ನಿಲ್ಲುವ ಕಷ್ಟ ಬೇಡ ಅಂತ ಕುರ್ಚಿ ತಂದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಆ ರೈಲು.

ಮಾವ ಕೂರಲು ಒಪ್ಪಲಿಲ್ಲ. "ನಂಗ್ಯಾಕೆ ಈ ಬಂಡಿ? ಕಾಲಿನ್ನೂ ಸೋತಿಲ್ಲ ಕಣ" ಅಂದರು. ಸುಮ್ಮನೆ ಕೂತ್ಕೊಳ್ಳಿ ಮಾವ ಅಂತ ಗದರಿ ಕೂರಿಸಿದೆ. ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಡಿಸಿದೆ. ಸಾಲಿನಲ್ಲಿದ್ದವರು ಪಾಪ ಅಂದುಕೊಂಡು ದಾರಿ ಬಿಟ್ಟರು.

ಡಾಕ್ಟರು ಸ್ಕ್ಯಾನ್ ನೋಡಿದರು, ಕುರ್ಚಿಯಲ್ಲಿ ಕುಗ್ಗಿ ಕೂತಿದ್ದವರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ದಿನದಲ್ಲಿ ಎಷ್ಟು ಹೊತ್ತು ಎದ್ದು ಓಡಾಡುತ್ತಾರೆ, ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರಾ ಅಂತ ಕೇಳಿದರು. "ಎಲ್ಲಿ ಸಾರ್, ಹಾಸಿಗೆ ಬಿಟ್ಟು ಏಳೋದೇ ಇಲ್ಲ. ಸ್ನಾನಾನೂ ನಾವೇ ಮಾಡಿಸ್ಬೇಕು" ಅಂದೆ. ಇನ್ನಷ್ಟು ಕರುಣೆ ಬರಲಿ ಅಂತ ದನಿಯನ್ನೂ ಇಳಿಸಿದ್ದೆ. ಮಾವ ತಲೆಯೆತ್ತಿ, "ನಡೀತೀನಿ ಸ್ವಾಮಿ..." ಅಂತ ಶುರು ಮಾಡಿದರು. ನಾನು ಹಿಂದಿನಿಂದ ಅವರ ಭುಜ ಅದುಮಿದೆ. ಅಂಗಿಯೊಳಗೆ ಬರೀ ಮೂಳೆ ಸಿಕ್ಕಿತು.

ಡಾಕ್ಟರು ಬರೆಯಲು ಎಳೆದುಕೊಂಡಿದ್ದ ಹಾಳೆಯನ್ನು ಪಕ್ಕಕ್ಕಿಟ್ಟರು. ಈ ದೇಹ ಕೀಮೋ ಔಷಧಿಯನ್ನು ತಡೆಯುವುದಿಲ್ಲ, ನೋವು ಕಮ್ಮಿ ಮಾಡೋಣ, ಉಸಿರಾಟಕ್ಕೆ ಆರಾಮ ಮಾಡೋಣ ಅಂತ ಮೆತ್ತಗೆ ಹೇಳಿದರು. ಮಾತ್ರೆಗಳನ್ನು ಅಲ್ಲೇ ಕೊಟ್ಟರು. ಎಲ್ಲ ಹತ್ತು ನಿಮಿಷಕ್ಕೆ ಮುಗಿಯಿತು. ನಾನು ಗೆದ್ದವನ ಹಾಗೆ ಕುರ್ಚಿ ತಳ್ಳಿಕೊಂಡು ಹೊರಗೆ ಬಂದೆ. ರೈಲಿನಲ್ಲಿ ಮಾವ ಕಿಟಕಿಯಾಚೆಯ ಒಣ ಗದ್ದೆಗಳನ್ನು ನೋಡುತ್ತ ಕೂತಿದ್ದರು. "ಆ ದೊಡ್ಡ ಔಸ್ತಿ ಕೊಡ್ಲಿಲ್ವಲ್ಲ ಅಳೀಮಯ್ಯ?" ಅಂತ ಒಂದೇ ಸಲ ಕೇಳಿದರು. ಮೊದಲು ಇದರಲ್ಲಿ ನೋಡುತ್ತಾರೆ ಮಾವ ಅಂದೆ...

ಆಮೇಲೆ ನಾನು ಡಾಕ್ಟರಿಗೆ ಹೇಳಿದ್ದ ಸುಳ್ಳುಗಳೆಲ್ಲ ಒಂದೊಂದಾಗಿ ನಿಜವಾದವು. ತೂಬಿನ ತನಕ ಹೋಗುತ್ತಿದ್ದವರು ಜಗಲಿಗೆ ಬಂದರು, ಜಗಲಿಯಿಂದ ಹಾಸಿಗೆಗೆ ಹೋದರು, ಸ್ನಾನವನ್ನು ಅತ್ತೆಯೇ ಮಾಡಿಸಬೇಕಾಯಿತು. ನಾನು ಹೋದಾಗಲೆಲ್ಲ ನಾಲೆಯ ಸುದ್ದಿ ಕೇಳುತ್ತಿದ್ದರು. ಶ್ರಾವಣ ಹುಟ್ಟುವ ಹೊತ್ತಿಗೆ ಹೋಗಿಬಿಟ್ಟರು. ಹನ್ನೊಂದನೆಯ ದಿನ ತಿಥಿ ಮಾಡಿದೆವು. ಅದರ ಮಾರನೆಯ ದಿನ ನಾಲೆಗೆ ನೀರು ಬಂತು. ನಾನು ಏರಿಯ ಮೇಲೆ ನಿಂತು ನೋಡಿದೆ. ನೀರಿನ ಮುಂದೆ ಯಾರೂ ಇರಲಿಲ್ಲ. ಹರಿದ ಚಪ್ಪಲಿ, ಪ್ಲಾಸ್ಟಿಕ್ ಬಾಟಲಿಗಳು ಮೊದಲು ತೇಲಿಕೊಂಡು ಬಂದವು.

ಎರಡು ವರ್ಷದ ಮೇಲೆ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಅಣ್ಣನಿಗೆ ಅದೇ ರೋಗ ಬಂತು, ಅಷ್ಟೇ ಹರಡಿತ್ತು. ಆತ ನಡೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂತ, ಔಷಧಿ ಹಾಕಿದರು, ಒಂದೂವರೆ ವರ್ಷ ಇದ್ದ. ಒಂದು ಸಲ ಆತನ ಜೊತೆ ಹೋದಾಗ ಅಲ್ಲಿನ ಡಾಕ್ಟರನ್ನು ಕೇಳಿದೆ, ಒಬ್ಬರಿಗೆ ಕೊಡುವುದನ್ನು ಇನ್ನೊಬ್ಬರಿಗೆ ಯಾಕೆ ಕೊಡುವುದಿಲ್ಲ ಅಂತ. ಎಲ್ಲೆಲ್ಲಿ ಹರಡಿದೆ, ಯಾವ ಬಗೆಯ ಗಡ್ಡೆ, ತೂಕ ಎಷ್ಟು ಇಳಿದಿದೆ, ಬೇರೆ ಕಾಯಿಲೆ ಏನಿದೆ ಅಂತೆಲ್ಲ ನೋಡುತ್ತಾರಂತೆ. "ಆದರೆ ಬಾಗಿಲಿಂದ ನಮ್ಮ ಮುಂದಿನ ಸ್ಟೂಲಿನ ತನಕ ಹೇಗೆ ಬರ್ತಾರೆ ಅನ್ನೋದೂ ಅಷ್ಟೇ ಮುಖ್ಯ. ಹಾಸಿಗೆ ಹಿಡಿದವರಿಗೆ ಕೊಟ್ಟರೆ ಔಷಧಿಯೇ ಮುಳುವಾಗುತ್ತೆ" ಅಂದರು. ಯಾರಿಗೋ ಅನ್ನುವ ಹಾಗೆ, ಕೊಟ್ಟಿದ್ದರೆ ಎಷ್ಟು ದಿನ ಹೆಚ್ಚು ಬದುಕುತ್ತಿದ್ದರು ಅಂತ ಕೇಳಿದೆ. ವಾಸಿಯಂತೂ ಆಗುವುದಿಲ್ಲ, ಕೆಲವರಿಗೆ ಕೆಲವು ತಿಂಗಳು ಹೆಚ್ಚು ಸಿಗುತ್ತದೆ, ಕೆಲವರಿಗೆ ಅದೂ ಇಲ್ಲ ಅಂದರು. ತಿಂಗಳುಗಳೇನೂ ಬೇಡ. ಮಾವನಿಗೆ ಬೇಕಾಗಿದ್ದದ್ದು ಹನ್ನೆರಡು ದಿನ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬುದ್ಧಿ ಬಂದರೂ ಧೈರ್ಯ ಬರಲಿಲ್ಲ, ಅತ್ತೆಗೆ ಈ ವಿಷಯ ಹೇಳಲೇ ಇಲ್ಲ. ಅವರು ಪ್ರತಿ ಸಂಕ್ರಾಂತಿಗೆ ಮುಂಚೆ ಹಿತ್ತಲಿನ ಅವರೆಕಾಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ತರುತ್ತಿದ್ದರು. ಮಾವನಿಗೆ ಓಡಾಡಿದವನು ನಾನು ಅನ್ನುವ ಋಣಕ್ಕೆ ತರುತ್ತಾರೆ ಅಂದುಕೊಂಡಿದ್ದೆ. ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ, ಅದರ ಸಾರನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಹೆಂಡತಿ ಉಪ್ಪು ಕಮ್ಮಿಯಾಯಿತಾ ಅಂತ ಕೇಳುತ್ತಿದ್ದಳು.

ಕಳೆದ ತಿಂಗಳು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಆಯಾ ಆ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ತಂದಳು. ಅತ್ತೆ ಒಂದು ಕೈಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿ, "ಬ್ಯಾಡ ಕಣವ್ವ, ನಡೀತೀನಿ" ಅಂದರು. ಆಮೇಲೆ ನನ್ನ ಮುಖ ನೋಡದೆ, ಮಾಮೂಲಿ ಮಾತಾಡುವ ಹಾಗೆ ಹೇಳಿದರು.

"ನಿಮ್ಮಾವ ಸಾಯೋಕ್ ಮುಂಚೆ ಯೋಳಿದ್ರು ಕಣಪ್ಪ. ನಿಂಗೇನಾರ ಆದ್ರೆ ಅಳೀಮಯ್ಯನೇ ಕರ್ಕಂಡೋಯ್ತಾನೆ, ಕುರ್ಚಿ ತತ್ತಾನೆ. ಕೂರ್ಬ್ಯಾಡ, ನಡ್ಕಂಡು ಒಳಿಕ್ಕೋಗು ಅಂತ."

ಮಾವನಿಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿದ್ದೇ ಅವರೆಕಾಯಿ ತಂದಿದ್ದರು. ತಪ್ಪಾಯ್ತು ಅತ್ತೆ ಅಂದೆ. ಅವರು ಸಾಲಿನ ಕಡೆ ನೋಡುತ್ತ, "ಸಾಲು ಮುಂದಕ್ಕೋಯ್ತು, ನಡಿ" ಅಂದರು.

ಎರಡು ಗಂಟೆ ಸಾಲಿನಲ್ಲಿ ನಿಂತೆವು. ಅತ್ತೆ ನಡುನಡುವೆ ಕೆಮ್ಮುತ್ತ, ಗೋಡೆಗೆ ಕೈಯೂರಿ ನಿಂತಿದ್ದರು. ಮಾವನೂ ಹೀಗೇ ನಿಲ್ಲುತ್ತಿದ್ದರು, ನಿಲ್ಲಲು ಬಿಟ್ಟಿದ್ದರೆ... ಒಳಗೆ ಹೋದಾಗ ಡಾಕ್ಟರು ಕಾಗದಗಳನ್ನು ತಿರುವಿ, ಅತ್ತೆಯನ್ನು ಬಿಟ್ಟು ನನ್ನನ್ನು ನೋಡಿ, "ಹೇಗಿದ್ದಾರೆ ಇವರು? ಎದ್ದು ಓಡಾಡ್ತಾರಾ?" ಅಂತ ಕೇಳಿದರು.

"ಅವರನ್ನೇ ಕೇಳಿ ಸಾರ್" ಅಂದೆ.

ಅತ್ತೆ ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸುವುದರಿಂದ ಶುರು ಮಾಡಿ ಒಂದೊಂದೇ ಹೇಳತೊಡಗಿದರು. ನಾನು ಅವರ ಹಿಂದೆ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದೆ.